ತೋಳದ ಪಾಲು

ನನ್ನ ಅಂಗಡಿಯ ಮುಂದೆ ಒಂದು ಕುಂಟ ಟಗರುಮರಿ ಕಟ್ಟಿದೆ. ಯಲಬುರ್ಗಾ ಬಸ್ ನಿಲ್ದಾಣದ ಎದುರಿಗೆ, 'ಮಾಜೀದ ಮೊಬೈಲ್ ರಿಪೇರಿ' ಎಂದು ಬರೆದ ಬೋರ್ಡಿನ ಕಂಬಕ್ಕೆ. ಮೊಬೈಲ್ ಅಂಗಡಿಯ ಮುಂದೆ ಕುರಿ ಯಾಕೆ ಎಂದು ದಿನಕ್ಕೆ ಹತ್ತು ಮಂದಿ ಕೇಳುತ್ತಾರೆ. ಮೊದಮೊದಲು ಕೇಳಿದವರ ಮೇಲೆ ಹರಿಹಾಯುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೆಲ್ಲ ಗೊತ್ತು. ಆದರೆ ಕೇಳುವವರ ತಪ್ಪೇನಿದೆ? ಉತ್ತರ ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು, ಮೊದಲಿನಿಂದ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಉಳಿಯದಿದ್ದರೆ ಹೋಗಲಿ, ಹೇಳಿಬಿಡುತ್ತೇನೆ.

ಹೋದ ಶ್ರಾವಣದಲ್ಲಿ ಮಹೇಶ್ವರಿ ಮೇಡಂ ಎಂಬುವವರು ನನ್ನ ಅಂಗಡಿಗೆ ಬಂದರು. ಗಂಗಾವತಿಯವರು, ಪ್ರಾಣಿಗಳ ವಿಷಯ ಓದಿದವರು, ಕಾಡುಪ್ರಾಣಿ ಉಳಿಸುವ ಒಂದು ಸಂಸ್ಥೆಯಲ್ಲಿ ಕೆಲಸ. ಅವರ ಕೈಯಲ್ಲಿ ತೆಂಗಿನಕಾಯಿ ಗಾತ್ರದ ಹಸಿರು ಡಬ್ಬಿ ಇತ್ತು. ಅದು ಕ್ಯಾಮೆರಾ. ಮುಂದೆ ಏನು ಹಾದರೂ ಫೋಟೋ ಹೊಡೆಯುತ್ತದೆ. ಹಾದದ್ದು ನಾಯಿಯೋ, ನರಿಯೋ, ತೋಳವೋ ಎಂದು ತಾನೇ ಗುರುತು ಹಿಡಿಯುತ್ತದೆ. ತೋಳವಾದರೆ ಸುತ್ತಲಿನ ಕುರುಬರ ಮೊಬೈಲುಗಳಿಗೆಲ್ಲ ಕರೆ ಕಳಿಸುತ್ತದೆ. ಒಳಗೆ ಮಳೆನೀರು ಹೊಕ್ಕು ಕೆಟ್ಟಿತ್ತು. ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಟ್ಟೆ.

"ಇಂಥಾವು ಎಂಟು ಅದಾವ್ರಿ. ಎಲ್ಲಾವನ್ನೂ ನೀವ ನೋಡ್ಕೋತೀರೇನು?" ಎಂದರು ಮೇಡಂ.

ನಾನು ಎಸ್ಸೆಸ್ಸೆಲ್ಸಿಗೆ ಮೂರು ಸಲ ಡುಮುಕಿ ಹೊಡೆದವನು. ನನ್ನನ್ನು ಯಾರೂ ಏನನ್ನೂ ನೋಡಿಕೊ ಎಂದು ಕೇಳಿದ್ದಿಲ್ಲ. ಕೂಡಲೇ ಒಪ್ಪಿದೆ.

ಕುಷ್ಟಗಿ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ಹೋದರೆ ಬೋಳಗುಡ್ಡ ಸಿಗುತ್ತದೆ. ಅದರ ಸುತ್ತ ಎಂಟು ಕಂಬ ನೆಟ್ಟು, ಮೇಲೆ ಸೋಲಾರ್ ತಗಡು ಇಟ್ಟು, ಕ್ಯಾಮೆರಾ ಕಟ್ಟಿದೆವು. ಕುರಿ ಹಟ್ಟಿಗಳ ಹತ್ತಿರದ ಕಂಬಗಳಿಗೆ ಕಹಳೆಯಂಥ ಸ್ಪೀಕರ್ ಸಹ ಇತ್ತು. ತೋಳ ಕಂಡ ಕ್ಷಣ ಅದರಲ್ಲಿ ನಾಯಿ ಬೊಗಳುತ್ತದೆ, ಮನುಷ್ಯ ಹೊಯ್ ಹೊಯ್ ಎಂದು ಕೂಗುತ್ತಾನೆ. ಆ ಕೂಗು ನನ್ನ ಶಾಲೆಯ ಗೆಳೆಯ ಈಶಪ್ಪನದು. ಅವನ ದನಿಯನ್ನು ನಾನೇ ನನ್ನ ಮೊಬೈಲಿನಲ್ಲಿ ಹಿಡಿದು ಹಾಕಿದ್ದೆ. ಈಶಪ್ಪ ಮತ್ತು ಅವನ ತಾಯಿ ಮುದಕಮ್ಮ ಆ ಗುಡ್ಡದ ಬುಡದಲ್ಲೇ ನೂರಿಪ್ಪತ್ತು ಕುರಿ ಕಾಯುತ್ತಾರೆ.

ತೋಳ ಕುರಿ ಹಿಡಿಯುತ್ತದೆ, ಸಿಟ್ಟಿಗೆದ್ದವರು ಸತ್ತ ಕುರಿಗೆ ವಿಷ ಹಾಕಿಡುತ್ತಾರೆ, ತೋಳ ಸಾಯುತ್ತದೆ. ಕುರಿಯೇ ಹೋಗದಿದ್ದರೆ ಯಾರು ಯಾಕೆ ವಿಷ ಹಾಕುತ್ತಾರೆ? ಕುರಿಯೂ ಉಳಿಯುತ್ತದೆ, ತೋಳವೂ ಉಳಿಯುತ್ತದೆ. ಮೇಡಂ ಹೀಗೆ ಹೇಳಿದರು, ನಾನು ಊರೂರಿಗೆ ಹೋಗಿ ಹೀಗೇ ಹೇಳಿದೆ. ಈಗಲೂ ಕೇಳಲು ಅದು ಚೆನ್ನಾಗಿಯೇ ಇದೆ.

ಮುದಕಮ್ಮ ಮಾತ್ರ ಮೊದಲ ದಿನವೇ ತಡೆದು ಕೇಳಿದಳು. ಅವಳ ಮೊಬೈಲಿಗೆ ಕರೆ ಬರುವ ಹಾಗೆ ಮಾಡಿ ಕೈಗೆ ಕೊಡುತ್ತಿದ್ದೆ.

"ಒಂದೂ ಕುರಿ ಹೋಗೂದಿಲ್ಲೇನ ಮಾಜೀದಾ?"

"ಒಂದೂ ಹೋಗೂದಿಲ್ಲ ಯವ್ವಾ."

"ಮತ್ತ ಅದೇನ್ ತಿನ್ನಬೇಕು?"

ನಾನು ನಕ್ಕೆ. "ಗುಡ್ಡದಾಗ ಮೊಲ ಅದಾವು, ಇಲಿ ಅದಾವು. ತಿಂತೈತಿ ಬಿಡು."

"ಗುಡ್ಡದ ತುಂಬಾ ಗಾಳಿ ಫ್ಯಾನ್ ನಿಲ್ಸ್ಯಾರ. ಲಾರಿ ಅಡ್ಡಾಡಿ ಅಡ್ಡಾಡಿ ಮೊಲ ಎಲ್ಲಿ ಹೋದುವೋ ಏನೋ. ಒಂದ್ ಇದ್ರ ನನಗೂ ತೋರ್ಸಪ್ಪ, ಸಾರ್ ಮಾಡೂಣು." ಆಮೇಲೆ ನಗೆ ಬಿಟ್ಟು ಹೇಳಿದಳು. "ನೀವು ಬಕ್ರೀದಕ್ಕ ಮೂರ್ ಪಾಲ್ ಮಾಡ್ತೀರಲ್ಲ? ಮನಿಗೊಂದು, ಬೀಗರಿಗೊಂದು, ಬಡವರಿಗೊಂದು. ನಮ್ಮಾಗೂ ಹಂಗ ಐತಿ. ಕುರಿ ಈದಾಗ ಕುಂಟೋ ಕುರುಡೋ ಒಂದ್ ಮರಿ ಹುಟ್ಟೇ ಹುಟ್ಟತೈತಿ. ಅದು ತ್ವಾಳದ ಪಾಲು. ಗುಡ್ಡದ ಬಾಯಾಗ ಬಿಟ್ಟು ಹಿಂದ ನೋಡದಂಗ ಬರೂದು. ನಮ್ಮತ್ತಿ ಮಾಡ್ತಿದ್ಲು, ಅಕಿ ಅತ್ತಿನೂ ಮಾಡ್ತಿದ್ಲು."

"ಆಗಿನ ಕಾಲ ಬ್ಯಾರೆ ಯವ್ವಾ. ಈಗ ಮಷಿನ್ ಬಂದೈತಿ" ಎಂದೆ ನಾನು. ಈ ಮಾತು ನೆನಪಾದಾಗ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ದೀಪಾವಳಿ ಬಂತು, ಒಂದೂ ಕುರಿ ಹೋಗಲಿಲ್ಲ. ಹಿಂದಿನ ವರ್ಷ ಅದೇ ಹೊತ್ತಿಗೆ ಬೋಳಗುಡ್ಡದ ಸುತ್ತ ಹದಿನೇಳು ಹೋಗಿದ್ದವು. ಕುಷ್ಟಗಿಯ ಕುರುಬರು ಬಂದು ನಮಗೂ ಹಾಕಿಕೊಡಿ ಎಂದು ಕೇಳಿದರು. ಪೇಪರಿನಲ್ಲಿ ನನ್ನ ಫೋಟೋ ಬಂತು, ಕೆಳಗೆ 'ತಾಂತ್ರಿಕ ಸಹಾಯಕ ಮಾಜೀದ' ಎಂದು. ನನ್ನ ಹೆಂಡತಿ ಅನೀಸಾ ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದಳು. ದಿನಾ ಮುಂಜಾನೆ ತಲೆ ಬಾಚುವಾಗ ಕನ್ನಡಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತಿದ್ದೆ. ಕುದುರೆಗೆ ಕೊಂಬು ಬಂದರೆ ಹೇಗಿರುತ್ತದೆಂದು ಆಗ ನನ್ನನ್ನು ನೋಡಿದವರಿಗೆ ಗೊತ್ತಾಗುತ್ತಿತ್ತು.

ಡಿಸೆಂಬರಿನಲ್ಲಿ ಐದನೇ ಕಂಬದ ಕ್ಯಾಮೆರಾದಲ್ಲಿ ಒಂದು ಹೆಣ್ಣು ತೋಳ ಕಂಡಿತು. ಎಡಗಿವಿ ಹರಿದಿತ್ತು. ಯಂತ್ರ ಅದಕ್ಕೆ ಏಳನೇ ನಂಬರು ಕೊಟ್ಟಿತ್ತು, ಮುದಕಮ್ಮ ಅದನ್ನು ಕಿವಿಹರಕಿ ಎನ್ನುತ್ತಿದ್ದಳು. ಬಂಡೆಯ ಸಂದಿಯಲ್ಲಿ ಅದು ಮರಿ ಹಾಕಿತ್ತು. ತಿಂಗಳ ಕೊನೆಗೆ ಮೂರು ಮರಿ ಹೊರಗೆ ಬಂದು ಒಂದರ ಮೇಲೊಂದು ಬಿದ್ದು ಆಡುವ ಫೋಟೋ ಬಂತು. ಮೇಡಂ ಫೋನಿನಲ್ಲಿ ಕುಣಿದಾಡಿದರು. ನಾನು ಬಸ್ ನಿಲ್ದಾಣದವರಿಗೆಲ್ಲ ಚಹಾ ಕುಡಿಸಿದೆ.

ದಿನಾ ಬರುವ ಫೋಟೋ ನೋಡಿ ಪ್ರತಿಯೊಂದರ ಕೆಳಗೆ ಪ್ರಾಣಿಯ ಸ್ಥಿತಿ ಒತ್ತುವುದು ನನ್ನ ಕೆಲಸ. ನಾಲ್ಕೇ ಗುಂಡಿ: ಆರೋಗ್ಯ, ದುರ್ಬಲ, ಗಾಯ, ಸಾವು. ಪ್ರಾಣಿ ಯಾವುದೆಂದು ಯಂತ್ರಕ್ಕೆ ಗೊತ್ತಿತ್ತು. ಹೇಗಿದೆ ಎಂಬುದು ಮಾತ್ರ ಇನ್ನೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನನ್ನ ಕಣ್ಣು ಬೇಕಿತ್ತು.

ಜನವರಿ ಮೊದಲ ವಾರ ಕಿವಿಹರಕಿಯ ಪಕ್ಕೆಲುಬು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಎಣಿಸಲು ಬರುತ್ತಿತ್ತು. ಮರಿಗಳು ಆಡುವುದನ್ನು ಬಿಟ್ಟಿದ್ದವು. ಒಂದು ದಿನ 'ದುರ್ಬಲ' ಒತ್ತಿದೆ. ತಕ್ಷಣ ಮೊಬೈಲು ಎರಡು ಪುಟದ ಅರ್ಜಿ ತೆರೆಯಿತು. ಇನ್ನೂ ಮೂರು ಕೋನದಿಂದ ಫೋಟೋ ಬೇಕು, ಕಾರಣ ಬರೆಯಬೇಕು, ಪಶುವೈದ್ಯರನ್ನು ಕರೆಸಬೇಕು. ಅಂಗಡಿಯಲ್ಲಿ ಐದು ಗಿರಾಕಿಗಳು ನಿಂತಿದ್ದರು. ಆಮೇಲೆ ನೋಡೋಣ ಎಂದು ಅಳಿಸಿ 'ಆರೋಗ್ಯ' ಒತ್ತಿದೆ. ಫೋಟೋ ಸುಮ್ಮನೆ ಮುಂದೆ ಹೋಯಿತು.

ಮೊದಲನೆಯದು ಸೋಮಾರಿತನ, ಒಪ್ಪುತ್ತೇನೆ. ಮರುದಿನದಿಂದ ಒತ್ತಿದ್ದು ಸೋಮಾರಿತನವಲ್ಲ. ತಿಂಗಳ ಕೊನೆಗೆ ಕೊಪ್ಪಳದಲ್ಲಿ ದೊಡ್ಡ ಕಾರ್ಯಕ್ರಮವಿತ್ತು, ನನಗೆ ಸನ್ಮಾನವಿತ್ತು. 'ದುರ್ಬಲ' ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹುಡುಕಿದರೆ ಒಂದೂ ಕುರಿ ಹೋಗಿಲ್ಲ ಎಂಬ ನನ್ನ ಸೊನ್ನೆಯ ಬುಡಕ್ಕೇ ಬರುತ್ತಾರೆ. ಇಷ್ಟು ಲೆಕ್ಕ ನನಗೆ ತಿಳಿಯುತ್ತಿತ್ತು. ಸನ್ಮಾನದ ಒಂದು ಶಾಲಿಗಾಗಿ ದಿನಾ ಮುಂಜಾನೆ ಚಹಾ ಕುಡಿಯುತ್ತಾ ಆರೋಗ್ಯ, ಆರೋಗ್ಯ, ಆರೋಗ್ಯ ಎಂದು ಒತ್ತುತ್ತಾ ಹೋದೆ.

ಸಂಕ್ರಾಂತಿ ಕಳೆದ ಮೂರನೇ ದಿನ, ಮುಂಜಾನೆ ಏಳಕ್ಕೆ, ಐದನೇ ಕಂಬದಿಂದ ಫೋಟೋ ಬಂತು. ಯಂತ್ರ 'ಮನುಷ್ಯ' ಎಂದು ತೋರಿಸಿತ್ತು. ಫೋಟೋ ತೆರೆದರೆ ಮುದಕಮ್ಮ. ಕಂಬಳಿಯೊಳಗಿಂದ ಒಂದು ಕುರಿಮರಿಯನ್ನು ಇಳಿಸಿ ಬಂಡೆಯ ಹತ್ತಿರ ಗೂಟಕ್ಕೆ ಕಟ್ಟುತ್ತಿದ್ದಳು.

ನಾನು ಬೈಕನ್ನು ಓಡಿಸಿದ ರಭಸಕ್ಕೆ ಇಪ್ಪತ್ತು ನಿಮಿಷದ ದಾರಿ ಹತ್ತು ನಿಮಿಷದಲ್ಲಿ ಮುಗಿಯಿತು. ಅವಳು ಹಿಂದೆ ನೋಡದೆ ಇಳಿದು ಬರುತ್ತಿದ್ದಳು. ಕಾಲುದಾರಿಯಲ್ಲೇ ಅಡ್ಡ ನಿಂತೆ.

"ಏನ್ ಮಾಡಾಕತ್ತೀ ಯವ್ವಾ? ಹದಿನೈದ್ ದಿನದಾಗ ಕೊಪ್ಪಳದಾಗ ಕಾರ್ಯಕ್ರಮ ಐತಿ. ಒಂದೂ ಹೋಗಿಲ್ಲ ಅಂತ ಬರದು ಕಳ್ಸೀನಿ. ನೀ ಕೈಯಾರೆ ಒಯ್ದು ಕೊಟ್ರ ನನ್ ಗತಿ ಏನು?"

"ಹುಟ್ಟಾ ಕುಂಟಮರಿ ಐತೆಪ್ಪ. ಅದರ ಪಾಲಿಂದು." ಅವಳು ಮೆಲ್ಲಗೆ ಹೇಳಿದಳು. "ನೀ ಫೋಟೋದಾಗ ನೋಡೀಯಲ್ಲ ಅವನ್ನ? ನನಗ ಕಣ್ಣು ಮಬ್ಬ ಅದಾವು, ಆದ್ರೂ ಕಂಡೈತಿ. ಬಾಣಂತಿ ಹೊಟ್ಟಿ ಬೆನ್ನಿಗಿ ಹತ್ತೈತಿ ಮಾಜೀದಾ. ಮರಿ ಉಳಿಯೂದಿಲ್ಲ."

ಅಲ್ಲೇ ಇತ್ತು ನನ್ನ ಅವಕಾಶ. ಹೌದು ಯವ್ವಾ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮೊಬೈಲು ತೆಗೆದು ಅವಳ ಮುಖದ ಮುಂದೆ ಹಿಡಿದೆ.

"ಇಲ್ಲಿ ನೋಡು. ಆರಾಮ ಅದಾವು ಅಂತ ಮಷಿನ್ ಬರದೈತಿ. ನಿನಗಿಂತ ಅದಕ್ಕ ಭಾಳ ತಿಳೀತೈತಿ."

ಅದನ್ನು ಬರೆದದ್ದು ಯಂತ್ರವಲ್ಲ, ನಾನು. ಅವಳಿಗೆ ಓದಲು ಬರುವುದಿಲ್ಲ. ಬಹಳ ಹೊತ್ತು ಆ ಹಸಿರು ಅಕ್ಷರಗಳನ್ನು ನೋಡಿದಳು.

"ಮಷಿನ್ ಹಂಗಂತೈತಾ?"

"ಹೂಂ."

"ಹಂಗಾರ ನನಗ ತಿಳೀವಲ್ದು ಬಿಡಪ್ಪ. ವಯಸ್ಸಾತು."

ಅರವತ್ತು ವರ್ಷ ಗುಡ್ಡ ನೋಡಿದ ಕಣ್ಣು ನನ್ನ ಒಂದು ಸುಳ್ಳಿಗೆ ಕೆಳಗಾಯಿತು. ಆ ಕ್ಷಣಕ್ಕೆ ನನಗೆ ನಾಚಿಕೆಯಾಗಲಿಲ್ಲ, ಗೆದ್ದ ಹಾಗಾಯಿತು. ನಾಚಿಕೆ ಆಮೇಲೆ ಬಡ್ಡಿ ಸಮೇತ ಬಂತು.

ನಾನೇ ಮೇಲೆ ಹತ್ತಿ ಮರಿ ಬಿಚ್ಚಿಕೊಂಡು ಬಂದೆ. ಗೂಟ ಅಲ್ಲೇ ಉಳಿಯಿತು. ಹಟ್ಟಿಯೊಳಗೆ ಬಿಡಲು ಹೋದರೆ ಮುದಕಮ್ಮ ತಡೆದಳು. "ಒಳಗ ಬ್ಯಾಡ. ಕೊಟ್ಟ ಪಾಲು ತಿರುಗಿ ಹಟ್ಟಿಯೊಳಗ ಬರಬಾರ್ದು" ಎಂದು ಹೇಳಿ ಅದನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದಳು. ಮುದುಕರ ಹಟ ಎಂದುಕೊಂಡು ಬೈಕು ಹತ್ತಿದೆ.

ಮರುದಿನದ ಫೋಟೋದಲ್ಲಿ ಕಿವಿಹರಕಿ ಆ ಗೂಟದ ಹತ್ತಿರ ನಿಂತಿತ್ತು. ಮೂಗನ್ನು ಮಣ್ಣಿಗೆ ಹಚ್ಚಿತ್ತು. ಮುಂದಿನ ಫೋಟೋದಲ್ಲೂ ಅಲ್ಲೇ, ಅದರ ಮುಂದಿನದರಲ್ಲೂ ಅಲ್ಲೇ. ಒಂದು ತಾಸಿನಲ್ಲಿ ಹನ್ನೊಂದು ಫೋಟೋ. ಹಿಂದೆ ಮೂರು ಮರಿ ಕೂತಿದ್ದವು. ನಾಲ್ಕು ದಿನದ ಮೇಲೆ ಎರಡು. ಆಮೇಲಿನ ವಾರ ಒಂದು. ಆಮೇಲೆ ಕಿವಿಹರಕಿ ಒಂದೇ ಬಂದು ಗೂಟ ಮೂಸಿ ಹೋಯಿತು. 'ಸಾವು' ಗುಂಡಿ ಒತ್ತಬೇಕೆಂದರೆ ಸತ್ತದ್ದರ ಫೋಟೋ ಬೇಕು. ಸತ್ತ ಮರಿ ಕ್ಯಾಮೆರಾದ ಮುಂದೆ ನಡೆದು ಬರುವುದಿಲ್ಲ. ಹಾಗಾಗಿ ಆ ಮೂರೂ ಎಲ್ಲೂ ದಾಖಲಾಗಲಿಲ್ಲ.

ಕೊಪ್ಪಳದ ಸಭಾಂಗಣ ತುಂಬಿತ್ತು. ದೊಡ್ಡ ಪರದೆಯ ಮೇಲೆ ಒಂದು ದೊಡ್ಡ ಸೊನ್ನೆ ತೋರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಶಾಲು ಹೊದಿಸಿದರು. ಹೊರಗಿನಿಂದ ಬಂದ ಒಬ್ಬ ಕನ್ನಡಕದವರು ಎದ್ದು ನಿಂತು, ಇನ್ನು ಮೇಲೆ ಪ್ರಾಣಿಯ ಸ್ಥಿತಿಯನ್ನೂ ಯಂತ್ರವೇ ಹೇಳುತ್ತದೆ, ಮನುಷ್ಯರು ಬೇಕಿಲ್ಲ ಎಂದರು. ಅದು ಕಲಿತದ್ದು ನಮ್ಮ ಮಾಜೀದ ಅವರು ಗುರುತು ಹಾಕಿದ ಸಾವಿರದ ನೂರಾ ನಲವತ್ತು ಚಿತ್ರಗಳಿಂದ ಎಂದರು. ಬರುವ ವರ್ಷ ಇದೇ ಯಂತ್ರ ಕುಷ್ಟಗಿಗೆ, ಗಂಗಾವತಿಗೆ, ಆಮೇಲೆ ತೋಳ ಇರುವ ಬೇರೆ ಸೀಮೆಗಳಿಗೂ ಹೋಗುತ್ತದೆ ಎಂದರು. ಕಲಿತದ್ದನ್ನು ತೋರಿಸಲು ಹಿಂದಿನ ದಿನದ ಒಂದು ಫೋಟೋ ಹಾಕಿದರು.

ಕಿವಿಹರಕಿ. ಚರ್ಮದ ಒಳಗೆ ಎಲುಬು ಬಿಟ್ಟರೆ ಬೇರೇನೂ ಇರಲಿಲ್ಲ. ಯಂತ್ರ ಅರೆಕ್ಷಣ ಯೋಚಿಸಿ ಕೆಳಗೆ ಹಸಿರು ಅಕ್ಷರದಲ್ಲಿ ಬರೆಯಿತು: ಆರೋಗ್ಯ, ನೂರಕ್ಕೆ ತೊಂಬತ್ತಾರು.

ನಾನು ಮುದಕಮ್ಮನಿಗೆ ಹೇಳಿದ ಸುಳ್ಳು ಈಗ ನಿಜವಾಗಿತ್ತು. ಯಂತ್ರ ಹಾಗೆಯೇ ಅನ್ನುತ್ತಿತ್ತು.

ಮುದಕಮ್ಮ ಮುಂದಿನ ಸಾಲಿನಲ್ಲಿ ಈಶಪ್ಪನ ಪಕ್ಕ ಕೂತಿದ್ದಳು. ಅವನು ಅವಳ ಕಿವಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. "ಯಾರ್ ಕಲ್ಸ್ಯಾರಂತ ಅದಕ್ಕ?" ಎಂದು ಅವಳು ಕೇಳಿದ್ದು ವೇದಿಕೆಗೆ ಕೇಳಿಸಿತು. ಕಿವಿ ಮಂದವಾದವರ ಪಿಸುಮಾತು ಊರಿಗೆಲ್ಲ ಕೇಳಿಸುತ್ತದೆ. "ನಮ್ಮ ಮಾಜೀದ" ಎಂದ ಈಶಪ್ಪ. ಅವಳು ಪರದೆಯ ಮೇಲಿದ್ದ ಹೊಟ್ಟೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಮೈಮೇಲಿನ ಶಾಲು ಉರಿಯತೊಡಗಿತು.

ಅವಳನ್ನೂ ವೇದಿಕೆಗೆ ಕರೆದರು, ಮೈಕು ಕೊಟ್ಟರು. ಮುಗಿಯಿತು ಎಂದುಕೊಂಡೆ. ಬೈದುಬಿಡಲಿ, ನನ್ನ ಜನ್ಮ ಜಾಲಾಡಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಸೆರಗು ಸರಿ ಮಾಡಿಕೊಂಡು ಇಷ್ಟೇ ಹೇಳಿದಳು: "ನಮ್ ಕುರಿ ಒಂದೂ ಹೋಗಿಲ್ರಿ. ಮಾಜೀದ ಭಾಳ ಅಡ್ಡಾಡ್ಯಾನ."

ಮತ್ತೆ ಚಪ್ಪಾಳೆ. ಅವಳು ನನ್ನ ಮುಂದೆ ಹಾದು ಹೋದಳು, ಮುಖ ಎತ್ತಲಿಲ್ಲ.

ಊಟದ ಹೊತ್ತಿನಲ್ಲಿ ಮೇಡಂ ಹಿಂದಿನ ನಳದ ಹತ್ತಿರ ಒಬ್ಬರೇ ಸಿಕ್ಕರು. ಕೈಯಲ್ಲಿ ಊಟದ ತಟ್ಟೆ ಇತ್ತು. ನಾನು ಮಡಚಿದ ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೇಳಿದೆ.

"ಮೇಡಂ, ಆರೋಗ್ಯ ಅಂತ ಒತ್ತಿದ್ದು ಸುಳ್ರಿ."

"ಯಾವ್ದು?"

"ಜನವರಿದು ಎಲ್ಲಾ. ಮರಿ ಮೂರೂ ಹೋದುವು. ಹಸ್ತು ಸತ್ವು. ದಿನಾ ನೋಡ್ತಿದ್ದೆ. ಮುದಕಮ್ಮ ಒಂದ್ ಕುರಿಮರಿ ಒಯ್ದು ಬಿಟ್ಟಿದ್ಲು, ಅದನ್ನೂ ನಾನ ಬಿಚ್ಕೊಂಡ್ ಬಂದೆ."

ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. "ನಾನೂ ಸೊನ್ನಿ ನೋಡಿ ಖುಷಿಪಟ್ಟೆ, ಹೊಟ್ಟಿ ನೋಡ್ಲಿಲ್ಲ. ಅದು ನನ್ ತಪ್ಪು" ಎಂದರು. "ಆದ್ರ ನಿಮ್ ಕಣ್ ನಂಬಿದ್ದೆನ್ರಿ ನಾನು."

ಸಂಬಳ ಕಡಿಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ಕುಷ್ಟಗಿಯದನ್ನೂ ಗಂಗಾವತಿಯದನ್ನೂ ನಿಲ್ಲಿಸಿದರು. ಹಟ್ಟಿಗಳ ಸ್ಪೀಕರುಗಳ ಬಾಯಿ ಮುಚ್ಚಿಸಿದರು. ವರ್ಷಕ್ಕೆ ಇಂತಿಷ್ಟು ಮರಿಗಳನ್ನು ಸಂಸ್ಥೆಯೇ ಕೊಂಡು ಗುಡ್ಡಕ್ಕೆ ಬಿಡಬಹುದೇ ಎಂದು ಕುರುಬರನ್ನು ಕೂಡಿಸಿ ಕೇಳುತ್ತಿದ್ದಾರೆ. ಮುದಕಮ್ಮನ ಅತ್ತೆಯ ಅತ್ತೆ ಮಾಡುತ್ತಿದ್ದದ್ದು ಈಗ ಹೊಸ ಯೋಜನೆಯಾಗಿ ಬರುತ್ತಿದೆ. ನನಗೆ ಮಾತ್ರ ಸಾವಿರದ ನೂರಾ ನಲವತ್ತು ಫೋಟೋಗಳನ್ನೂ ತಿರುಗಿ ಕಳಿಸಿ, "ನೀವ ಕಲ್ಸೀರಿ, ನೀವ ಮರೆಸ್ರಿ" ಎಂದರು.

ಬಕ್ರೀದಿಗೆ ಒಂದು ವಾರ ಇದ್ದಾಗ ಈಶಪ್ಪ ಟಂಟಂ ಆಟೋದಲ್ಲಿ ಬಂದು ಇಳಿದ. ಜೊತೆಗೆ ಆ ಕುಂಟಮರಿ. ಆಗಲೇ ಕೊಂಬು ಮೊಳೆತು ಟಗರಾಗುತ್ತಿತ್ತು. ಹಗ್ಗವನ್ನು ನನ್ನ ಕೈಗೆ ಕೊಟ್ಟ.

"ಅವ್ವ ಕಳ್ಸ್ಯಾಳ. ಹಟ್ಟಿಯೊಳಗ ಬಿಡಾಕ ಬರೂದಿಲ್ಲ, ಮಾರಾಕ ಬರೂದಿಲ್ಲ. ಬಿಡಿಸ್ಕೊಂಡ್ ಬಂದಾಂವ ಅವನ, ಅವನ ಇಟ್ಕೊಳ್ಳಿ ಅಂದಾಳ."

"ಸಿಟ್ಟಾಗ್ಯಾಳೇನಲೇ?"

"ಇಲ್ಲಪ್ಪ. ಸಿಟ್ಟಾಗಿದ್ರ ಛಲೋ ಇತ್ತು. ಈಗ ಏನ್ ಕೇಳಿದ್ರೂ ನನಗೇನ್ ತಿಳೀತೈತಿ, ಮಷಿನ್ ಕೇಳ್ರಿ ಅಂತಾಳ." ಅವನು ಚಹಾ ಕೂಡ ಕುಡಿಯದೆ ಹೋದ.

ಅದೇ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು. ತೋಳದ ಮರಿಗಳು ಸತ್ತದ್ದು ಒಂದು ಪಾಪ. ಕಣ್ಣಿದ್ದ ಹೆಂಗಸಿಗೆ ನಿನಗೆ ಕಣ್ಣಿಲ್ಲ ಎಂದು ನಂಬಿಸಿದ್ದು ಇನ್ನೊಂದು. ಹೋಗಿ ಕಾಲಿಗೆ ಬಿದ್ದೆ, ನಿಜ ಹೇಳಿದೆ. "ಇರ್ಲಿ ಬಿಡಪ್ಪ" ಎಂದು ತಲೆ ಸವರಿದಳು. ಆದರೆ ಗುಡ್ಡದ ಕಡೆ ನೋಡಿ ಮಾತಾಡುವುದನ್ನು ಅವಳು ಬಿಟ್ಟಿದ್ದಾಳೆ.

ಅನೀಸಾ ಟಗರನ್ನು ನೋಡಿದ ಕೂಡಲೇ ಹೇಳಿದಳು, "ಕುಂಟ ಐತಿ, ಕುರ್ಬಾನಿಗಿ ನಡಿಯೂದಿಲ್ರಿ." ನಡೆಯುವುದಾಗಿದ್ದರೂ ನನ್ನ ಕೈ ಏಳುತ್ತಿರಲಿಲ್ಲ, ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ? ಹಬ್ಬದ ದಿನ ಬೇರೆ ಆಡು ತಂದು ಮೂರು ಪಾಲು ಮಾಡಿದೆ. ಅಷ್ಟು ಹೊತ್ತೂ ಇದು ಹೊರಗೆ ಕಂಬ ಸುತ್ತುತ್ತಾ ಒದರುತ್ತಿತ್ತು.

ಈಗಲಾದರೂ ಒಯ್ದು ಆ ಗೂಟಕ್ಕೇ ಕಟ್ಟಿ ಬರೋಣ ಎಂದರೆ, ಫೆಬ್ರುವರಿಯ ಮೇಲೆ ಐದನೇ ಕಂಬದಲ್ಲಿ ಕಿವಿಹರಕಿ ಕಂಡಿಲ್ಲ. ದಿನಾ ಮುಂಜಾನೆ ಮೊದಲು ಅದನ್ನೇ ನೋಡುತ್ತೇನೆ. ಗಾಳಿಗೆ ಅಲ್ಲಾಡುವ ಹುಲ್ಲು ಇರುತ್ತದೆ, ಗೂಟ ಇರುತ್ತದೆ. ಆಮೇಲೆ ಹಳೆಯ ಫೋಟೋಗಳನ್ನು ಒಂದೊಂದಾಗಿ ತೆರೆದು, ಸುಳ್ಳು ಒತ್ತಿದ್ದಕ್ಕೆಲ್ಲ 'ದುರ್ಬಲ' ಒತ್ತುತ್ತಾ ಕೂಡುತ್ತೇನೆ. ಪ್ರತಿಯೊಂದಕ್ಕೂ ಎರಡು ಪುಟದ ಅರ್ಜಿ ತೆರೆಯುತ್ತದೆ. ಕಾರಣ ಎಂಬಲ್ಲಿ 'ಹಸಿವು' ಎಂದು ಬರೆಯುತ್ತೇನೆ. ಇನ್ನೂ ಏಳುನೂರು ಉಳಿದಿವೆ.

ನಿನ್ನೆ ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದ ಶಬ್ಬೀರಚಾಚಾ ಮೊಬೈಲು ತೋರಿಸಲು ಬಂದರು. ಟಗರಿನ ಬೆನ್ನು ತಟ್ಟಿ, "ಯಾರದೋ ಇದು?" ಎಂದರು.

ಮೊದಲಾದರೆ ನನ್ನದು ಎಂದು ಬಾಯಿ ಮುಚ್ಚಿಸುತ್ತಿದ್ದೆ.

"ತ್ವಾಳದ್ದು ಚಾಚಾ" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತ್ವಾಳದ್ದಾದ್ರ ನಿನ್ನ ಹಂತೇಲಿ ಯಾಕೈತೋ?"

"ನಾನ ಕಸಗೊಂಡ್ ಬಂದೀನಿ" ಎಂದೆ.